ಬಸುರಿಯರ ಸಾಲಿನಲ್ಲಿ

ನನಗೆ ಈ ಕಾಯಿಲೆ ಬಂದಾಗ ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡುವುದು ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಯಲ್ಲಿ ಕೂಸಿಲ್ಲದ ಹೆಂಗಸು ಆ ಕೋಣೆಗೆ ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟಿದ್ದು ಹಿರೇಹಡಗಲಿ, ಮದುವೆಯಾಗಿ ಬಂದದ್ದು ಕೊಟ್ಟೂರಿಗೆ. ನಮ್ಮ ಮನೆಯವರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ನಾವು ಮೂವರೇ: ಅವರು, ನಾನು, ನಮ್ಮ ಅತ್ತೆ ಗೌರಮ್ಮ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಗೆ ಒಬ್ಬನೇ ಮಗ.

ಮದುವೆಯಾದ ಮೂರನೆಯ ವರ್ಷ ಬಸುರಾದೆ. ಮೂರು ತಿಂಗಳು ತುಂಬುವಷ್ಟರಲ್ಲಿ ಅದು ಹೋಯಿತು. ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಒಳಗೆ ಉಳಿದದ್ದನ್ನು ತೆಗೆದು, ಕ್ಲೀನ್ ಆಗಿದೆ ಎಂದು ಹೇಳಿ ಸಂಜೆಗೆ ಮನೆಗೆ ಕಳಿಸಿದರು. ಕಾಯಿಲೆ ಅಲ್ಲಿಂದಲೇ ಬಂತೆಂದು ನಾನು ದೂರುವುದಿಲ್ಲ. ಆಮೇಲೆ ನೋಡಿದ ಡಾಕ್ಟರುಗಳೂ ಹಾಗೆ ಖಚಿತವಾಗಿ ಹೇಳಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಅದಾದ ಕೆಲವು ವಾರಗಳಿಗೆ ಕಿಬ್ಬೊಟ್ಟೆಯ ಬಲಗಡೆ ಒಂದು ನೋವು ಬಂದು ಕೂತಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬಿಳಿ ಹೋಗುವುದು ಶುರುವಾಯಿತು. ಅದಕ್ಕೊಂದು ವಾಸನೆ. ನನ್ನ ಸೀರೆಯ ಬಗ್ಗೆ ನನಗೇ ಹೇಸಿಗೆಯಾಗುತ್ತಿತ್ತು. ಒಳಬಟ್ಟೆಗಳನ್ನು ಎಲ್ಲರ ಬಟ್ಟೆಯ ಜೊತೆ ನೆನೆಸದೆ, ಅತ್ತೆ ಹಾಲು ತರಲು ಹೋದಾಗ ಹಿತ್ತಲಲ್ಲಿ ತೊಳೆದು ಬೇರೆ ಬಟ್ಟೆಯ ಕೆಳಗೆ ಒಣಹಾಕುತ್ತಿದ್ದೆ.

ಯಾರಿಗೆ ಹೇಳುವುದು? ನಮ್ಮವ್ವ ನನ್ನ ಮದುವೆಗೆ ಮೊದಲೇ ಹೋಗಿಬಿಟ್ಟಿದ್ದಳು. ಹೊಟ್ಟೆನೋವು ಎಂದಷ್ಟೇ ಅತ್ತೆಗೆ ಹೇಳಿದೆ.

"ಉಷ್ಣ ಆಗೈತಿ. ಜೀರಿಗಿ ನೀರು ಕುಡಿ, ಹೊಕ್ಕಳಿಗೆ ಹರಳೆಣ್ಣಿ ಹಚ್ಕೋ" ಎಂದರು.

ಕುಡಿದೆ, ಹಚ್ಚಿಕೊಂಡೆ. ಊರಿನ ಡಾಕ್ಟರ ಹತ್ತಿರ ಹೋಗಿ ಸೂಜಿ ಮಾಡಿಸಿಕೊಂಡೆ. ನಾಲ್ಕು ದಿನ ಜ್ವರ ಬಿಡುತ್ತಿತ್ತು, ಐದನೆಯ ದಿನ ಮತ್ತೆ ಬರುತ್ತಿತ್ತು. ಡಾಕ್ಟರು ಕೇಳಿದಾಗಲೆಲ್ಲ ಹೊಟ್ಟೆನೋವು, ಜ್ವರ ಎನ್ನುತ್ತಿದ್ದೆ. ಉಳಿದದ್ದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಕ್ಕದಲ್ಲಿ ನಮ್ಮ ಮನೆಯವರು ನಿಂತಿರುತ್ತಿದ್ದರು, ಹಿಂದೆ ಪರದೆಯಾಚೆ ಊರಿನ ಜನ ಕೂತಿರುತ್ತಿದ್ದರು. ಬಾಯಿ ಹೇಗೆ ಬರಬೇಕು?

ಆಮೇಲಾಮೇಲೆ ನೆಟ್ಟಗೆ ನಡೆಯಲು ಆಗದಂತಾಯಿತು. ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ರೊಟ್ಟಿ ತಟ್ಟುತ್ತ ಕೂತವಳು ಏಳಲಾಗದೆ ಅಲ್ಲೇ ಒಲೆಯ ಮುಂದೆ ಮಗ್ಗುಲಾದೆ. ಅಂದು ನಮ್ಮ ಮನೆಯವರು ಅಂಗಡಿ ಮುಚ್ಚಿ ನನ್ನನ್ನು ಕೂಡ್ಲಿಗಿಗೆ ಕರೆದುಕೊಂಡು ಹೋದರು.

ಕೂಡ್ಲಿಗಿಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಹೊಟ್ಟೆ ಒತ್ತಿ ನೋಡಿದರು. ಒತ್ತಿದಾಗಿನ ನೋವಿಗಿಂತ ಕೈ ತೆಗೆದಾಗಿನ ನೋವು ಹೆಚ್ಚಿತ್ತು.

"ಅಪೆಂಡಿಕ್ಸ್ ಇರಬಹುದು ಅನ್ನಸ್ತೈತಿ. ಆದ್ರ ನನಗ ಪೂರ್ತಿ ನಂಬಿಕಿ ಇಲ್ಲ. ಹರಪನಹಳ್ಯಾಗ ಸ್ಕ್ಯಾನಿಂಗ್ ಐತಿ, ಮಾಡಿಸ್ಕೊಂಡು ಬರ್ರಿ" ಎಂದರು.

"ಸ್ಕ್ಯಾನಿಂಗಾ? ಬಸುರಿ ಅಲ್ಲಲ್ರೀ ಸರ್?" ಎಂದರು ನಮ್ಮ ಮನೆಯವರು.

"ಹೊಟ್ಟಿಯೊಳಗ ಕೂಸೊಂದೇ ಇರ್ತತೇನ್ರಿ? ಹೋಗಿ ಬರ್ರಿ."

ಹರಪನಹಳ್ಳಿಯ ಆ ಸ್ಕ್ಯಾನಿಂಗ್ ಸೆಂಟರು ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿರಿದಾದ ಮೆಟ್ಟಿಲು. ಮೇಲೆ ಹೋದರೆ ಉದ್ದ ಬೆಂಚುಗಳ ತುಂಬ ಬಸುರಿಯರು. ಗಂಡು ಹೆಣ್ಣು ಹೇಳುವುದಿಲ್ಲ ಎಂದು ಗೋಡೆಗೆ ಬೋರ್ಡು. ಗಂಡಸರೆಲ್ಲ ಕೆಳಗೆ ರಸ್ತೆಯಲ್ಲಿ ನಿಲ್ಲಬೇಕು. ಉಚ್ಚೆ ಕಟ್ಟಿಕೊಂಡಿರಬೇಕು, ಹೊಟ್ಟೆ ತುಂಬ ನೀರು ಕುಡಿಯಿರಿ ಎಂದು ನರ್ಸ್ ತಂಬಿಗೆ ಕೊಟ್ಟು ಹೋದಳು. ನಾನು ಕುಡಿಯುತ್ತ ಕೂತೆ. ಮೊದಲೇ ನೋವಿದ್ದ ಹೊಟ್ಟೆ. ನೀರು ಇಳಿದಂತೆ ಒಳಗಿನ ನೋವಿನ ಮೇಲೆ ಯಾರೋ ಕಲ್ಲು ಹೇರಿದ ಹಾಗಾಗುತ್ತಿತ್ತು.

ಪಕ್ಕದಲ್ಲಿದ್ದ ಹೆಣ್ಣುಮಗಳು ತುಂಬಿದ ಬಸುರಿ. ನನ್ನನ್ನು ನೋಡಿ ನಕ್ಕಳು.

"ಎಷ್ಟರಾಗ ಅದೀಯವ್ವ?"

"ಇಲ್ಲಕ್ಕ. ಹೊಟ್ಟಿನೋವು."

"ಹೊಟ್ಟಿನೋವಿಗೂ ಇಲ್ಲಿಗೆ ಕಳಸ್ತಾರೇನು?" ಎಂದಳು. ಆಮೇಲೆ ಏನೋ ಹೊಳೆದವಳಂತೆ, "ಹೋಗಿತ್ತೇನು?" ಎಂದು ಕೇಳಿದಳು.

ನಾನು ಹೂಂ ಎಂದೆ. ಅವಳೇನೂ ಕೆಟ್ಟವಳಲ್ಲ. ಆದರೆ ಹೂಂ ಎಂದ ಕೂಡಲೇ ಅವಳ ಕೈ ತಾನಾಗಿ ಹೋಗಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಳಿ ಬೇಕೆಂದು ಎದ್ದು ಆಚೆ ಬೆಂಚಿಗೆ ಹೋದಳು. ಅವಳು ಎದ್ದ ಜಾಗದಲ್ಲಿ ಆಮೇಲೆ ಯಾರೂ ಕೂರಲಿಲ್ಲ. ಅಷ್ಟು ಜನರ ನಡುವೆ ಆ ಒಂದು ಖಾಲಿ ಜಾಗದ ಪಕ್ಕ ಕೂತು, ಕಟ್ಟಿಕೊಂಡ ಉಚ್ಚೆಯನ್ನೂ ಅಳುವನ್ನೂ ಒಟ್ಟಿಗೆ ಹಿಡಿದುಕೊಂಡಿದ್ದೆ.

ಒಳಗೆ ಕತ್ತಲೆ ಕೋಣೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲಿ. ಡಾಕ್ಟರು ಗಂಡಸು. ಪರದೆ ಅವರ ಕಡೆಗೆ ತಿರುಗಿತ್ತು, ಅವರು ಅದನ್ನೇ ನೋಡುತ್ತಿದ್ದರು. "ಉಸಿರು ಹಿಡೀರಿ. ಬಿಡ್ರಿ." ಬಲಗಡೆ ಒಂದು ಜಾಗಕ್ಕೆ ಬಂದಾಗ ಅವರ ಕೈ ನಿಂತಿತು. ಒತ್ತಿದರು. ಚೀರಿದೆ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು.

"ಏನೈತ್ರಿ ಸರ್ ಒಳಗ?"

"ರಿಪೋರ್ಟ್ನಾಗ ಬರೀತೀವಮ್ಮ. ನಿಮ್ಮ ಡಾಕ್ಟರಿಗೆ ತೋರಿಸ್ರಿ."

ನನ್ನ ಹೊಟ್ಟೆಯೊಳಗಿನ ವಿಷಯ ಆ ಕೋಣೆಯಲ್ಲಿದ್ದ ಇಬ್ಬರಿಗೆ ಗೊತ್ತಾಗಿತ್ತು, ನನಗೆ ಗೊತ್ತಿರಲಿಲ್ಲ.

ಮರುದಿನ ಕೂಡ್ಲಿಗಿಯ ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. "ಅಪೆಂಡಿಕ್ಸ್ ಅಲ್ಲ. ಬಲಗಡಿ ಅಂಡಾಶಯದ ಹತ್ರ ಗಡ್ಡಿ ಇದ್ದಂಗ ಕಾಣ್ತೈತಿ ಅಂತ ಬರದಾರ. ಎಂಥ ಗಡ್ಡಿ ಅಂತ ಇದರಾಗ ಗೊತ್ತಾಗಿಲ್ಲ."

"ಕ್ಯಾನ್ಸರೇನ್ರಿ?" ನಮ್ಮ ಮನೆಯವರು ಕೇಳಿಯೇಬಿಟ್ಟರು.

"ಹಂಗ ಹೇಳಾಕ ಬರಂಗಿಲ್ಲ, ಅಲ್ಲ ಅಂತನೂ ಹೇಳಾಕ ಬರಂಗಿಲ್ಲ. ಹೊಟ್ಟಿ ಕೊಯ್ದು ನೋಡಬೇಕು. ಕೊಯ್ದ ಮ್ಯಾಲೆ ಗರ್ಭಕೋಶ ಉಳೀತೈತೋ ಇಲ್ಲೋ ಈಗಲೇ ಹೇಳಾಕ ಆಗಂಗಿಲ್ಲ." ನನ್ನ ಮುಖ ನೋಡಿ ದನಿ ಇಳಿಸಿದರು. "ಅದಕ್ಕೂ ಮೊದಲು ದಾವಣಗೆರಿಗೆ ಹೋಗಿ ಬರ್ರಿ. ಅಲ್ಲಿ ಒಳಗಿಂದ ನೋಡೋ ಸ್ಕ್ಯಾನಿಂಗ್ ಐತಿ. ಇನ್ನೂ ಚಲೋ ಕಾಣ್ತೈತಿ. ತಡ ಮಾಡಬ್ಯಾಡ್ರಿ."

ಸಂಜೆಯ ಬಸ್ಸಿಗೆ ಹೊರಟೆವು. ಊರು ಬಂದಾಗ ಅವರು, "ಅವ್ವಗ ಗಡ್ಡಿ ಅಂತ ಹೇಳ್ಲೇನು?" ಎಂದರು. "ಹೇಳ್ರಿ, ಮುಚ್ಚಿಡಾಕ ಆಕ್ಕತೇನು" ಎಂದೆ.

ಹೇಳಿದ್ದು ಮನೆಯೊಳಗೆ ಉಳಿಯಲಿಲ್ಲ. ಅತ್ತೆಯ ಅಕ್ಕ, ನಮ್ಮ ಮನೆಯವರ ದೊಡ್ಡವ್ವ, ಎರಡೇ ದಿನದಲ್ಲಿ ಬಂದರು. ನಾನು ಒಳಗೆ ಮಲಗಿದ್ದೆ. ಅಡುಗೆಮನೆಯ ಮಾತು ನನಗೆ ಕೇಳಲಿ ಎಂದೇ ಆಡಿದಂತಿತ್ತು.

"ಗೌರಿ, ಗರ್ಭಚೀಲ ತಗದ್ರ ನಿನ್ನ ಮಗ ಈರಣ್ಣನ ಗತಿ ಏನು? ಇರೋನು ಒಬ್ಬ. ಈಗಿಂದ ಎಲ್ಲೆರ ಒಂದು ಹೆಣ್ಣು ನೋಡಿಡು. ಇಕಿನ್ನೇನು ಹೊರಗ ಹಾಕು ಅನ್ನಂಗಿಲ್ಲ, ಇರ್ಲಿ, ಉಂಡ್ಕೊಂಡು."

ಅತ್ತೆ ಬೇಡ ಎನ್ನುತ್ತಾರೆಂದು ಕಾದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರೆಂದು ಕಾಣುತ್ತದೆ, ಮೊರದಲ್ಲಿ ಕಾಳು ಸರಿಯುವ ಸದ್ದು ಬಿಟ್ಟು ಇನ್ನೇನೂ ಕೇಳಲಿಲ್ಲ. ಅವರು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮಧ್ಯಾಹ್ನ ಗಂಜಿ ತಂದು ತಲೆಯ ಹತ್ತಿರ ಇಟ್ಟು, ನನ್ನ ಕಡೆ ನೋಡದೆ ಹೊರಗೆ ಹೋದರು.

ಹಿರೇಹಡಗಲಿಯ ಅಣ್ಣನಿಗೆ ಎಸ್ಟಿಡಿ ಬೂತಿನಿಂದ ಫೋನು ಮಾಡಿಸಿದೆ. "ನಿಮ್ಮ ಮನಿಯವ್ರು ಹೆಂಗಂತಾರ ಹಂಗ ಮಾಡವ್ವ" ಎಂದ. ಅವನದೂ ತಪ್ಪಲ್ಲ. ಹೆಣ್ಣಿನ ಹೊಟ್ಟೆಯ ವಿಷಯ ಅಣ್ಣನಾದವನು ಇನ್ನೇನು ಮಾತಾಡಿಯಾನು? ಫೋನು ಇಟ್ಟು ಬೂತಿನಿಂದ ಹೊರಗೆ ಬಂದಾಗ, ಈ ಹೊಟ್ಟೆ ನನ್ನೊಬ್ಬಳದೇ, ಇದರ ನೋವೂ ನನ್ನೊಬ್ಬಳದೇ ಎನ್ನುವುದು ನಿಚ್ಚಳವಾಯಿತು.

ದಾವಣಗೆರೆಗೆ ಇಬ್ಬರೂ ಹೋಗುವುದೆಂದು ಆಗಿತ್ತು. ಹೊರಡುವ ಬೆಳಿಗ್ಗೆ ಅಂಗಡಿಯ ಮುಂದೆ ಒಬ್ಬರು ರೈತರು ಚಕ್ಕಡಿಯಲ್ಲಿ ಮೋಟರು ಹೇರಿಕೊಂಡು ಬಂದು ಕೂತಿದ್ದರು. ನಮ್ಮ ಮನೆಯವರು ಅಂದೇ ಕೊಡುತ್ತೇನೆಂದು ಮಾತು ಕೊಟ್ಟಿದ್ದರಂತೆ. ನೀರಿಲ್ಲದೆ ಶೇಂಗಾ ಬಾಡುತ್ತಿತ್ತು.

"ನೀ ಮುಂದ ಹೋಗಿರು. ಇದನ್ನ ಸುತ್ತಿಕೊಟ್ಟು ಮಧ್ಯಾಹ್ನದ ಬಸ್ಸಿಗೆ ಬಂದುಬಿಡ್ತೀನಿ" ಎಂದರು. ನನ್ನನ್ನು ಬಸ್ಸು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಕಂಡಕ್ಟರಿಗೆ "ಸ್ವಲ್ಪ ನೋಡ್ಕೊಳ್ರಿ, ಆರಾಮಿಲ್ಲ" ಎಂದು ಹೇಳಿ ಇಳಿದರು. ಮೋಟರಿನ ಮಾತು ನಿಜವೇ. ಆದರೆ ಅವರಿಗೆ ಹೆದರಿಕೆಯೂ ಆಗಿತ್ತೆಂದು ನನಗೆ ಅನ್ನಿಸಿತು. ಡಾಕ್ಟರು ಏನು ಹೇಳುತ್ತಾರೋ ಅದನ್ನು ನನ್ನ ಜೊತೆ ನಿಂತು ಕೇಳಲು ಧೈರ್ಯ ಸಾಲಲಿಲ್ಲ.

ಹರಪನಹಳ್ಳಿ ದಾಟಿದ ಮೇಲೆ ರಸ್ತೆಯ ಗುಂಡಿಗಳಿಗೆ ಬಸ್ಸು ಎತ್ತಿಹಾಕಿದಾಗಲೆಲ್ಲ ಎರಡೂ ಕೈಯಿಂದ ಮುಂದಿನ ಸೀಟಿನ ಸರಳು ಹಿಡಿದು ಸೊಂಟವನ್ನು ಸೀಟಿನಿಂದ ಎತ್ತುತ್ತಿದ್ದೆ. ಕಂಡಕ್ಟರ್ ಅದನ್ನು ನೋಡಿ, ಏನೂ ಕೇಳದೆ, ಡ್ರೈವರನ ಹಿಂದಿದ್ದ ತನ್ನ ಮಡಚಿದ ಕಂಬಳಿ ತಂದು ಕೊಟ್ಟ. ಅದರ ಮೇಲೆ ಕೂತು ಹೋದೆ.

ದಾವಣಗೆರೆಯ ಡಾಕ್ಟರಮ್ಮ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಮೊದಲು ಬಾಗಿಲು ಹಾಕಿದರು. ಆಮೇಲೆ ಕೇಳಿದರು: "ಬಿಳಿ ಹೋಗ್ತಿದೆಯಾ?"

ಅಷ್ಟು ತಿಂಗಳಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯರು ಅವರು. ಹೌದು ಎನ್ನಲು ಬಾಯಿ ತೆರೆದವಳು ಅತ್ತುಬಿಟ್ಟೆ. ಅವರು ಸುಮ್ಮನೆ ಕಾದರು. ವಾಸನೆ, ಜ್ವರ, ಕ್ಲೀನ್ ಮಾಡಿಸಿದ್ದು, ಗಂಡನ ಜೊತೆ ಮಲಗಿದರೆ ಆಗುವ ನೋವು, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಮೈಯ ಅರ್ಧ ಭಾರ ಇಳಿದ ಹಾಗಾಯಿತು.

ಸ್ಕ್ಯಾನಿಂಗ್ ಮಾಡುವವರೂ ಹೆಂಗಸೇ. ಈ ಸಲ ನೀರು ಕುಡಿಯಬೇಕಿರಲಿಲ್ಲ, ಉಚ್ಚೆ ಹೊಯ್ದು ಬಾ ಎಂದರು. ಒಳಗಿಂದ ನೋಡುವುದು ಎಂದರೇನೆಂದು ಆಗ ಅರ್ಥವಾಯಿತು. ಮೇಜಿನ ಮೇಲೆ ಒಂದು ಉದ್ದನೆಯ ಸಾಧನವಿತ್ತು, ಅದಕ್ಕೆ ಹೊಸ ರಬ್ಬರು ಹಾಕುತ್ತಿದ್ದರು. ನಾನು ಮಂಚದಿಂದ ಇಳಿದು ಸೀರೆ ಸರಿಮಾಡಿಕೊಂಡೆ. "ಬ್ಯಾಡ್ರಿ. ನಮ್ಮನಿಯವ್ರು ಬರ್ಲಿ, ಕೇಳ್ತೀನಿ" ಎಂದೆ.

"ಅವರು ಬರೋವರೆಗೂ ಕಾಯ್ತೀನಿ ಅಂದ್ರೆ ಕಾಯಿ" ಎಂದರು ಅವರು. ಸಿಟ್ಟಿರಲಿಲ್ಲ. "ಆದರೆ ನೋವು ನಿಂದು. ನೀನು ಹೂಂ ಅಂದ್ರೆ ಸಾಕು. ನಿಧಾನಕ್ಕೆ ಮಾಡ್ತೀನಿ. ನೋವಾದ ಕೂಡಲೇ ಹೇಳು, ನಿಲ್ಲಿಸಿಬಿಡ್ತೀನಿ."

ನಿಲ್ಲಿಸಿಬಿಡ್ತೀನಿ ಎಂದು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತಿದ್ದೆ. ಆಮೇಲೆ ನಾನೇ ಮಂಚ ಹತ್ತಿದೆ.

ಒಂದು ಸಲ ನಿಲ್ಲಿಸಿ ಎಂದೆ, ನಿಲ್ಲಿಸಿದರು. ಮತ್ತೆ ಶುರು ಮಾಡಿದಾಗ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಬೂದು ಬಣ್ಣದ ನಡುವೆ ಸೋರೆಕಾಯಿಯಂತೆ ಉಬ್ಬಿದ ಕಪ್ಪು ಜಾಗ, ಅದರೊಳಗೆ ಬಗ್ಗಡ ನೀರಿನಲ್ಲಿ ತೇಲುವ ಮಣ್ಣಿನಂತೆ ಸಣ್ಣ ಸಣ್ಣ ಚುಕ್ಕೆ.

"ಇಲ್ಲಿ ನೋವಾ?" ಮೆಲ್ಲಗೆ ತಾಗಿಸಿದರು.

"ಅಲ್ಲೇ ರೀ! ಅದಾ ರೀ!"

ಇಷ್ಟು ದಿನ ಕೈಯಿಟ್ಟು ತೋರಿಸಲಾಗದ ನೋವು ಪರದೆಯ ಮೇಲೆ ಕಾಣುತ್ತಿತ್ತು.

"ಇದು ಗಡ್ಡೆ ಅಲ್ಲಮ್ಮ. ಗರ್ಭಕೋಶದ ಪಕ್ಕ ಒಂದು ನಾಳ ಇರುತ್ತೆ. ಅದರಲ್ಲಿ ಸೋಂಕಾಗಿ ಕೀವು ತುಂಬಿದೆ, ಅಂಡಾಶಯಕ್ಕೂ ಅಂಟಿಕೊಂಡಿದೆ. ಹೊರಗಿಂದ ನೋಡಿದಾಗ ಎಲ್ಲ ಸೇರಿ ಗಡ್ಡೆ ಹಾಗೆ ಕಂಡಿರುತ್ತೆ."

"ಗರ್ಭಕೋಶ ತಗೀಬೇಕೇನ್ರಿ?"

"ಈಗಂತೂ ಬೇಡ. ಔಷಧಿ ಕೊಟ್ಟು ನೋಡೋಣ."

ಕೀವು ಎಂಬ ಮಾತು ಕೇಳಿ ಅಷ್ಟು ಸಂತೋಷಪಟ್ಟವರು ನನ್ನ ಹಾಗೆ ಇನ್ಯಾರಿದ್ದಾರೋ. ಆ ಸಂತೋಷ ಹೇಳಿಕೊಳ್ಳಲು ಹೊರಗಿನ ಬೆಂಚಿನಲ್ಲಿ ನನ್ನವರೆಂಬುವರು ಯಾರೂ ಇರಲಿಲ್ಲ.

ನಮ್ಮ ಮನೆಯವರು ಬಂದಾಗ ಹೊತ್ತು ಇಳಿದಿತ್ತು. ನನ್ನನ್ನು ಅಡ್ಮಿಟ್ ಮಾಡಿಕೊಂಡು ಕೈಗೆ ಡ್ರಿಪ್ ಹಾಕಿದ್ದರು. ಅವರ ಬೆರಳುಗಳಲ್ಲಿ ಮೋಟರಿನ ತಂತಿಗೆ ಹಚ್ಚುವ ವಾರ್ನಿಷ್ ಹಾಗೇ ಇತ್ತು, ತೊಳೆಯದೆ ಓಡಿ ಬಂದಿದ್ದರು. ಗಡ್ಡೆಯಲ್ಲ ಎಂದಾಗ ಮಂಚದ ತುದಿಗೆ ಕೂತು ಮುಖ ಒರೆಸಿಕೊಂಡರು. ಆಗ, ಮೊದಲು ನನ್ನನ್ನು ನೋಡಿದ್ದ ಡಾಕ್ಟರಮ್ಮ ಬಂದು ಅವರ ಕೈಗೂ ಒಂದು ಮಾತ್ರೆ ಚೀಟಿ ಕೊಟ್ಟರು.

"ಇದು ನಿಮಗೆ. ಇಬ್ಬರೂ ತಗೋಬೇಕು."

"ನನಗೇನಾಗೈತ್ರಿ ಮೇಡಂ?"

"ಏನೂ ಆಗಿಲ್ಲದೆ ಇರಬಹುದು. ಇದು ಎಲ್ಲಿಂದ ಬಂತು ಅಂತ ನಾನು ಹೇಳೋಕಾಗಲ್ಲ. ಗರ್ಭ ಹೋಗಿ ಕ್ಲೀನ್ ಮಾಡಿಸಿದ ಮೇಲೂ ಬರುತ್ತೆ. ಗಂಡ ಹೆಂಡತಿಯಲ್ಲಿ ಒಬ್ಬರಿಂದ ಒಬ್ಬರಿಗೂ ಬರುತ್ತೆ. ಒಬ್ಬರಿಗೇ ಔಷಧಿ ಕೊಟ್ಟರೆ ತಿರುಗಿ ಬರಬಹುದು, ಅದಕ್ಕೇ ಇಬ್ಬರಿಗೂ."

ಅವರು ಹೋದ ಮೇಲೆ ನಮ್ಮ ಮನೆಯವರು ಚೀಟಿ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತರು. ಕೆಳಗೆ ಹೋಗಿ ಮಾತ್ರೆ ತಂದರು.

"ನೀ ಏನು ತಿಳ್ಕೊಂಡಿ?" ಎಂದರು.

"ಏನೂ ಇಲ್ರಿ."

"ಮತ್ಯಾಕ ಹಂಗ ನೋಡ್ತಿ?"

ನಾನು ಅವರನ್ನು ನೋಡುತ್ತಲೇ ಇರಲಿಲ್ಲ. ಅವರು ನನ್ನ ಬಗ್ಗೆ ಏನೆಂದುಕೊಂಡರೋ ಎಂಬ ಭಯದಲ್ಲಿ ಡ್ರಿಪ್ಪಿನ ಹನಿ ನೋಡುತ್ತಿದ್ದೆ. ಅವರು ನೀರಿಲ್ಲದೆ ಮಾತ್ರೆ ನುಂಗಿ, "ಅಂಗಡಿ ತೆರದು ಬಂದೀನಿ" ಎಂದು ಊರ ಬಸ್ಸಿಗೆ ಹೊರಟುಹೋದರು. ಆಮೇಲೆ ಎರಡು ದಿನಕ್ಕೊಮ್ಮೆ ಬರುತ್ತಿದ್ದರು. ಎಳನೀರು, ಬ್ರೆಡ್ಡು ತರುತ್ತಿದ್ದರು. ಮಾತು ಮಾತ್ರ ತರುತ್ತಿರಲಿಲ್ಲ.

ವಾರ್ಡಿನಲ್ಲಿ ಪಕ್ಕದ ಮಂಚ ಒಬ್ಬ ಬಾಣಂತಿಯದು. ಹರಿಹರದ ಕಡೆಯವರು. ಅವಳ ಅಜ್ಜಿ ಆರೈಕೆಗೆ ಬಂದಿದ್ದರು. ನನಗೆ ಊಟ ತರುವವರಿಲ್ಲವೆಂದು ಗೊತ್ತಾದ ಮೇಲೆ ದಿನವೂ ತಮ್ಮ ಡಬ್ಬಿಯ ಮುಚ್ಚಳದಲ್ಲಿ ಅನ್ನ ಸಾರು ಹಾಕಿ ನನ್ನ ಕಡೆ ಸರಿಸುತ್ತಿದ್ದರು. ಏನಾಗಿದೆ, ಯಾಕೆ ಯಾರೂ ಬಂದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ದಿನ ಮಾತ್ರ, "ಕೂಸು ಅತ್ರೆ ನಿನಗೆ ತ್ರಾಸಾಗ್ತತೇನಮ್ಮ? ನರ್ಸಿಗೆ ಹೇಳಿ ಮಂಚ ಆಕಡೆ ಹಾಕಿಸ್ಲಾ?" ಎಂದರು.

"ಬ್ಯಾಡಜ್ಜಿ. ಅಳ್ಲಿ."

ನಿಜವಾಗಿ ತ್ರಾಸಾಗುತ್ತಿತ್ತು. ಆದರೆ ಆ ಮಂಚವೂ ಆಚೆ ಹೋದರೆ ನನ್ನ ಪಕ್ಕ ಇನ್ನೇನೂ ಇರುತ್ತಿರಲಿಲ್ಲ.

ಔಷಧಿಗೆ ಜ್ವರ ಪೂರ್ತಿ ಇಳಿಯಲಿಲ್ಲ. ಮತ್ತೆ ಸ್ಕ್ಯಾನಿಂಗ್ ಮಾಡಿ ನೋಡಿದರು, ಕೀವು ಕುಗ್ಗಿರಲಿಲ್ಲ. ಮತ್ತು ಬರುವ ಔಷಧಿ ಕೊಟ್ಟು, ಅದೇ ಪರದೆ ನೋಡಿಕೊಂಡು, ಉದ್ದನೆಯ ಸೂಜಿಯಿಂದ ಅದನ್ನು ಎಳೆದು ತೆಗೆದರು. ಎಚ್ಚರವಾದಾಗ ಮೊದಲು ಕೈ ಹಾಕಿ ನೋಡಿಕೊಂಡದ್ದು ಹೊಟ್ಟೆಯ ಮೇಲೆ ಹೊಲಿಗೆ ಇದೆಯೇ ಎಂದು. ಇರಲಿಲ್ಲ. ಮರುದಿನ ಜ್ವರ ಬಿಟ್ಟಿತು. ವಾರದ ಮೇಲೆ ನೆಟ್ಟಗೆ ನಿಂತು, ಯಾರ ಕೈಯನ್ನೂ ಹಿಡಿಯದೆ, ವಾರ್ಡಿನ ಆ ತುದಿಯವರೆಗೆ ನಡೆದು ಬಂದೆ.

ಪ್ರಾಣ ಉಳಿಯಿತು, ಗರ್ಭಕೋಶವೂ ಉಳಿಯಿತು. ಆದರೆ ವರ್ಷ ಕಳೆದರೂ ಬಸುರು ನಿಲ್ಲಲಿಲ್ಲ. ಒಳಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು ನೋಡಿದರು. ಎರಡೂ ನಾಳಗಳ ಹಾದಿ ಮುಚ್ಚಿದೆ ಎಂದರು. ಮನೆಗೆ ಬಂದು ನಮ್ಮ ಮನೆಯವರು ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಡುವೆ ಬಿಳಿಯ ಸಣ್ಣ ತ್ರಿಕೋನ, ಅದರ ಎರಡು ಮೂಲೆಯಿಂದ ಎಳೆಯಂಥ ಗೆರೆಗಳು ಸ್ವಲ್ಪ ದೂರ ಹೋಗಿ ನಿಂತಿದ್ದವು. ದಿನವೂ ತಂತಿಯ ಕೆಲಸ ಮಾಡುವವರು. "ಇಲ್ಲಿಗೆ ಕಟ್ ಆಗೈತಿ" ಎಂದು ಬೆರಳಿಟ್ಟು ತೋರಿಸಿದರು. ಅಂದ ಮೇಲೆ ಅವರಿಗೇ ಹೇಗೋ ಆಗಿ, ಎಕ್ಸ್‌ರೇಯನ್ನು ಕವರಿನಲ್ಲಿಟ್ಟು ಹೊರಗೆ ಹೋದರು.

ದೊಡ್ಡವ್ವ ಮತ್ತೆ ಬಂದರು. ಈ ಸಲ ಹೆಣ್ಣಿನ ಹೆಸರು, ಊರು ಎಲ್ಲ ಹಿಡಿದುಕೊಂಡೇ ಬಂದಿದ್ದರು. ನಮ್ಮ ಮನೆಯವರು ಪೂರ್ತಿ ಕೇಳಿದರು.

"ದೊಡ್ಡವ್ವ, ಚಾ ಕುಡದು ಹೊರಡು. ಆಮೇಲೆ ಬಿಸಿಲಾಕ್ಕತಿ" ಎಂದರು.

ಅಷ್ಟೇ. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬುತ್ತಿ ಕೊಡಲು ಹೋದಾಗ ಊಟ ಮಾಡುತ್ತ ಅವರಾಗಿಯೇ ಎತ್ತಿದರು.

"ಆವತ್ತು ಮಾತ್ರಿ ಕೊಟ್ಟಾಗ ನೀ ನನ್ನ ಮ್ಯಾಲೆ ಅನುಮಾನ ಪಟ್ಟಿ ಅಂತ ತಿಳ್ಕೊಂಡಿದ್ದೆ."

"ನೀವು ನನ್ನ ಮ್ಯಾಲೆ ಪಟ್ರಿ ಅಂತ ನಾ ತಿಳ್ಕೊಂಡಿದ್ದೆ."

ಅವರು ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಇಳಿಸಿದರು. "ಎಷ್ಟು ದಿನ ಸುಮ್ನ ದಂಡ ಆದುವಲ್ಲ" ಎಂದರು.

ಇಲ್ಲಿಗೆ ನನ್ನ ಕಾಯಿಲೆಯ ಕಥೆ ಮುಗಿಯಿತು ಎನ್ನಬಹುದು. ಚಳಿಗಾಲದಲ್ಲಿ ಒಮ್ಮೊಮ್ಮೆ ಬಲಗಡೆ ಎಳೆದಂತಾಗುತ್ತದೆ, ಅದು ಬಿಟ್ಟರೆ ಆರಾಮವಾಗಿದ್ದೇನೆ. ಆದರೆ ಬರೆಯಬೇಕೆಂದು ಅನ್ನಿಸಿದ್ದು ಇದರ ನಂತರ ನಡೆದದ್ದಕ್ಕಾಗಿ.

ಕೆಲವು ವರ್ಷ ಕಳೆದಿದ್ದವು. ಹೊಸ ಶತಮಾನ ಬಂದು, ನಮ್ಮ ಬೀದಿಯಲ್ಲೂ ಒಬ್ಬಿಬ್ಬರ ಕೈಗೆ ಮೊಬೈಲು ಬಂದಿತ್ತು. ಒಂದು ಬೆಳಿಗ್ಗೆ ಅತ್ತೆ ಹಿತ್ತಲ ಗೋಡೆಗೆ ಒರಗಿ, ಮುಷ್ಟಿಯನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದು ನಿಂತದ್ದನ್ನು ಕಂಡೆ. ಹಾಗೆ ನಿಲ್ಲುವುದು ಎಂಥ ನೋವಿಗೆ ಎಂದು ನನಗೆ ಗೊತ್ತಿತ್ತು. ಕೇಳಿದೆ. "ಏನಿಲ್ಲ ತಗೋ" ಎಂದರು. ಮೂರು ನಾಲ್ಕು ದಿನ ಬಿಟ್ಟು, ನಾವಿಬ್ಬರೇ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಾಗ, ತಲೆ ಎತ್ತದೆ ಕೇಳಿದರು.

"ಸುವರ್ಣಾ, ಆ ಮಷಿನ್ನು ವಯಸ್ಸಾದವ್ರಿಗೂ ಇಟ್ಟು ನೋಡ್ತಾರೇನು?"

"ನೋಡ್ತಾರ್ರಿ ಅತ್ತಿ. ಯಾಕ?"

ಆಗ ಹೇಳಿದರು. ಮಗ ಹುಟ್ಟಿದ ಮೇಲೆ ಅವರಿಗೆ ತಿಂಗಳುಗಟ್ಟಲೆ ಜ್ವರ ಬಂದಿತ್ತಂತೆ. ಜ್ವರ ಬಿಟ್ಟರೂ ಕಿಬ್ಬೊಟ್ಟೆಯ ನೋವು ಬಿಡಲಿಲ್ಲ. ಮುಟ್ಟಾದರೆ ನೆಲ ಹಿಡಿಯುತ್ತಿದ್ದರು. ಇನ್ನೊಂದು ಕೂಸು ಆಗಲೇ ಇಲ್ಲ.

"ನಮ್ಮತ್ತಿ ಮೈಗಳ್ಳಿ ಅಂತಿದ್ಲು. ಹೊಲದ ಕೆಲಸ ಬಂದಾಗೇ ಇಕಿಗೆ ನೋವು ಬರ್ತೈತಿ ಅಂತಿದ್ಲು. ನ್ಯಾಯ ಕೇಳಿದ್ರ ನಿಮ್ಮ ಮಾವನೂ ನಾಟಕ ಅಂತಿದ್ರು. ನಡಕ್ಕ ಬಟ್ಟಿ ಬಿಗದು ಕಟ್ಕೊಂಡು ಶೇಂಗಾ ಕಿತ್ತೀನಿ. ಬರ್ತಾ ಬರ್ತಾ ನನಗ ಅನ್ಸಾಕತ್ತಿತ್ತು, ಖರೇನ ನಾಟಕ ಮಾಡ್ತೀನೇನೋ ಅಂತ."

ಕೈ ನಿಲ್ಲಿಸಿದರು. "ನೀ ಹಾಸಿಗಿ ಹಿಡದಾಗ ನನಗ ಗೊತ್ತಾಗಿತ್ತು, ಇದು ಅದಾ ಅಂತ. ಹೇಳಾಕ ಬಾಯಿ ಬರಲಿಲ್ಲವ್ವ."

ನನಗೆ ಮೊದಲು ಬಂದದ್ದು ಸಿಟ್ಟು. ಒಂದೇ ಮನೆಯಲ್ಲಿ, ಗೋಡೆಯ ಆಚೆ ಈಚೆ, ಅದೇ ನೋವು ಗೊತ್ತಿದ್ದವರೊಬ್ಬರು ಇದ್ದರು. ನಾನು ಜಗತ್ತಿನಲ್ಲಿ ಒಬ್ಬಳೇ ಎಂದು ಮಲಗಿದ್ದೆ. ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಅವರು ಇಷ್ಟೊಂದು ವರ್ಷ ಯಾರೂ ಇಲ್ಲದೆ ಮಲಗಿದ್ದವರು. ನನಗಾದರೂ ಬಾಗಿಲು ಹಾಕಿ ಕೇಳಿದವರು ಒಬ್ಬರು ಸಿಕ್ಕಿದ್ದರು. ಏಳಲಿಲ್ಲ. "ನಾಳೆ ಹೋಗೂಣ್ರಿ" ಎಂದೆ.

ದಾವಣಗೆರೆಯಲ್ಲಿ ಅದೇ ಸ್ಕ್ಯಾನಿಂಗ್ ಡಾಕ್ಟರಮ್ಮ ಇದ್ದರು. ಅತ್ತೆ ನನ್ನ ಮಣಿಕಟ್ಟು ಬಿಡಲಿಲ್ಲವಾದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. ಎಷ್ಟೋ ಹೊತ್ತು ನೋಡಿ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

"ಇಲ್ಲಿ ನೋಡಿ ಅಮ್ಮ. ಎಡಗಡೆಯ ನಾಳದಲ್ಲಿ ನೀರು ತುಂಬಿ ನಿಂತಿದೆ. ಇದು ಹಳೇದು. ಯಾವಾಗಲೋ ಸೋಂಕಾಗಿ, ವಾಸಿಯಾಗೋವಾಗ ಅಂಟಿಕೊಂಡು ಮುಚ್ಚಿಹೋಗಿದೆ. ಹೆದರೋ ಅಂಥದ್ದೇನೂ ಕಾಣ್ತಿಲ್ಲ. ನೋವಿಗೆ ಮಾತ್ರೆ ಕೊಡ್ತಾರೆ, ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ."

ಅತ್ತೆ ಪರದೆಯನ್ನೇ ನೋಡುತ್ತಿದ್ದರು. "ಆವಾಗ ಅದು ನೋವು ಕೊಡ್ತಿತ್ತೇನವ್ವ?"

"ಕೊಟ್ಟಿರುತ್ತೆ. ಬಹಳ ಕೊಟ್ಟಿರುತ್ತೆ."

"ಇನ್ನೊಮ್ಮಿ ಹೇಳವ್ವ."

ಡಾಕ್ಟರಮ್ಮ ಅತ್ತೆಯ ಮುಖ ನೋಡಿದರು. ಜೆಲ್ಲಿ ಹತ್ತಿದ ಕೈಗವಸು ತೆಗೆದಿಟ್ಟು, ಅವರ ಹಣೆಯ ಮೇಲಿನ ಕೂದಲು ಸರಿಸಿ, ನಿಧಾನವಾಗಿ ಇನ್ನೊಮ್ಮೆ ಹೇಳಿದರು. "ನಿಮಗೆ ಬಹಳ ನೋವಾಗಿರುತ್ತೆ ಅಮ್ಮ."

ಊರು ತಲುಪಿದಾಗ ದೀಪ ಹಚ್ಚುವ ಹೊತ್ತು. ನಮ್ಮ ಮನೆಯವರು ಅಂಗಡಿ ಬೇಗ ಮುಚ್ಚಿ ಬಂದು ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ರು?" ಎಂದು ನನ್ನನ್ನು ಕೇಳಿದರು. ಮಗನ ಮುಂದೆ ಇಂಥ ವಿಷಯ ಅತ್ತೆ ಜನ್ಮದಲ್ಲಿ ಆಡಿದವರಲ್ಲವೆಂದು ನಾನೇ ಹೇಳಲು ಹೊರಟೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು. ನಡುಮನೆಗೆ ಬಂದು ನಿಂತು, ಅಕ್ಕಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನನ್ನ ಹೊಟ್ಟಿನೋವು ಖರೇ ಇತ್ತಂತಲೇ, ಈರಣ್ಣ!"